ಕಳಚಿದ ಕೊಂಡಿಯನ್ನು ಜೋಡಿಸುವ ಬಗೆ: ಬೌದ್ಧ ಭಿಕ್ಷುಣಿ ಸಂಘದ ಪುನರುಜ್ಜೀವನ

ಧರ್ಮಪರಂಪರೆಗಳಲ್ಲಿ ದೀಕ್ಷೆಯು ಗುರುವಿನಿಂದ ಶಿಷ್ಯನಿಗೆ ಸಾಗಿಬರುವ ಸಂಸ್ಕಾರ. ಗ್ರಂಥವೊಂದು ನಾಶವಾದರೆ ಮತ್ತೊಂದು ಪ್ರತಿಯಿಂದ ಅದನ್ನು ಬರೆದುಕೊಳ್ಳಬಹುದು. ದೇಗುಲ ಕುಸಿದರೆ ಅದೇ ತಳಪಾಯದ ಮೇಲೆ ಪುನಃ ಕಟ್ಟಬಹುದು. ಆದರೆ ದೀಕ್ಷೆಯನ್ನು ಕೊಡಬಲ್ಲವರೇ ಇಲ್ಲವಾದಾಗ ಅದನ್ನು ಪಡೆಯಬಯಸುವವರು ಯಾರ ಬಳಿಗೆ ಹೋಗಬೇಕು? ಸಂಸ್ಕಾರದ ಕೊಂಡಿ ಒಮ್ಮೆ ಕಳಚಿದರೆ ಅದನ್ನು ಮತ್ತೆ ಜೋಡಿಸುವ ಅಧಿಕಾರ ಯಾರದು? ಆಧುನಿಕ ಬೌದ್ಧ ಜಗತ್ತು ಎದುರಿಸಿದ ಜಟಿಲ ಪ್ರಶ್ನೆಗಳಲ್ಲಿ ಇದೂ ಒಂದು. ಶ್ರೀಲಂಕಾ, ಥಾಯ್ಲೆಂಡ್, ಮ್ಯಾನ್ಮಾರ್, ಭೂತಾನ್ ಮೊದಲಾದ ನಾಡುಗಳ ಸಾಧ್ವಿಯರೂ ಟಿಬೆಟ್ ಪರಂಪರೆಯ ಸಾಧ್ವಿಯರೂ ಪೂರ್ಣದೀಕ್ಷೆಗಾಗಿ ನಡೆಸುತ್ತ ಬಂದಿರುವ ಪ್ರಯತ್ನದ ಹಿಂದಿರುವುದು ಈ ಪ್ರಶ್ನೆಯೇ. ಅದನ್ನು ಅರಿತರೆ, ಪ್ರಾಚೀನ ಧರ್ಮವೊಂದು ತನ್ನ ನಿಯಮಗಳನ್ನು ಕೈಬಿಡದೆ ಹೊಸ ಕಾಲಕ್ಕೆ ಹೇಗೆ ಉತ್ತರ ಕೊಡಲು ಯತ್ನಿಸುತ್ತದೆ ಎಂಬುದೂ ಅರಿವಿಗೆ ಬರುತ್ತದೆ.

ಸಂಘದ ಉದಯ

ಬುದ್ಧನ ಮಲತಾಯಿ, ಅವನನ್ನು ಸಾಕಿ ಬೆಳೆಸಿದ ಮಹಾಪ್ರಜಾಪತಿ ಗೌತಮಿಯೇ ಭಿಕ್ಷುಣಿ ಸಂಘದ ಮೊದಲಿಗಳು. ವಿನಯಪಿಟಕವು ಹೇಳುವಂತೆ, ಅವಳು ಕಪಿಲವಸ್ತುವಿನಲ್ಲಿ ಮೂರು ಬಾರಿ ಪ್ರವ್ರಜ್ಯೆಯನ್ನು ಬೇಡಿದಳು. ಬುದ್ಧನು ಮೂರು ಬಾರಿಯೂ ಒಪ್ಪಲಿಲ್ಲ. ಅವಳು ನಿರಾಶಳಾಗಿ ಸುಮ್ಮನೆ ಕೂರಲಿಲ್ಲ. ತಲೆ ಬೋಳಿಸಿಕೊಂಡು, ಕಾಷಾಯ ಧರಿಸಿ, ಶಾಕ್ಯಕುಲದ ಹಲವು ಸ್ತ್ರೀಯರೊಡನೆ ವೈಶಾಲಿಯವರೆಗೆ ನಡೆದು ಬಂದಳು. ಊದಿದ ಕಾಲುಗಳಿಂದ, ಧೂಳು ತುಂಬಿದ ಮೈಯಿಂದ ವಿಹಾರದ ಬಾಗಿಲಲ್ಲಿ ಅಳುತ್ತ ನಿಂತಿದ್ದ ಅವಳನ್ನು ಕಂಡು ಆನಂದನು ಮರುಗಿದನು. ಅವನು ಬುದ್ಧನ ಮುಂದೆ ಇಟ್ಟದ್ದು ಒಂದು ನೇರವಾದ ಪ್ರಶ್ನೆ: ಸಂಸಾರವನ್ನು ತೊರೆದು ಸಾಧನೆ ಮಾಡಿದ ಸ್ತ್ರೀಯು ಅರ್ಹಂತ ಪದವಿಯನ್ನು ಪಡೆಯಬಲ್ಲಳೇ? ಪಡೆಯಬಲ್ಲಳು ಎಂದು ಬುದ್ಧನು ಉತ್ತರಿಸಿದನು. ಅರ್ಹತೆಯನ್ನು ಒಪ್ಪಿಕೊಂಡ ಮೇಲೆ ಅವಕಾಶವನ್ನು ನಿರಾಕರಿಸುವುದು ಕಷ್ಟ. ಎಂಟು ಗುರುಧರ್ಮಗಳೆಂಬ ನಿಬಂಧನೆಗಳೊಡನೆ ಭಿಕ್ಷುಣಿ ಸಂಘವು ಹುಟ್ಟಿತು.

ಈ ಎಂಟು ನಿಬಂಧನೆಗಳಲ್ಲಿ ಎರಡನ್ನು ಇಲ್ಲಿ ಗಮನಿಸಬೇಕು. ಭಿಕ್ಷುಣಿಯು ದೀಕ್ಷೆ ಪಡೆದು ನೂರು ವರ್ಷಗಳಾಗಿದ್ದರೂ ಅಂದೇ ದೀಕ್ಷೆ ಪಡೆದ ಭಿಕ್ಷುವಿಗೆ ಎದ್ದು ನಿಂತು ವಂದಿಸಬೇಕೆಂಬುದು ಒಂದು. ಎರಡು ವರ್ಷ ಶಿಕ್ಷಣಾರ್ಥಿಯಾಗಿ ವ್ರತ ಪಾಲಿಸಿದ ಸ್ತ್ರೀಯು ಭಿಕ್ಷುಣಿ ಸಂಘ ಮತ್ತು ಭಿಕ್ಷು ಸಂಘ ಎರಡರಿಂದಲೂ ಉಪಸಂಪದೆಯನ್ನು, ಎಂದರೆ ಪೂರ್ಣದೀಕ್ಷೆಯನ್ನು ಪಡೆಯಬೇಕೆಂಬುದು ಇನ್ನೊಂದು. ಮೊದಲನೆಯದು ಇಂದಿನ ಸಮಾನತೆಯ ಭಾವನೆಗೆ ತೊಡಕಾಗಿ ಕಾಣುವ ನಿಯಮ. ಆದರೆ ಇತಿಹಾಸದಲ್ಲಿ ದೊಡ್ಡ ಪರಿಣಾಮ ಬೀರಿದ್ದು ಎರಡನೆಯದು. ಭಿಕ್ಷುವಾಗಬಯಸುವವನಿಗೆ ಒಂದು ಸಂಘ ಸಾಕು. ಭಿಕ್ಷುಣಿಯಾಗಬಯಸುವವಳಿಗೆ ಎರಡು ಸಂಘಗಳು ಬೇಕು. ಹೀಗಾಗಿ ಒಂದು ನಾಡಿನಲ್ಲಿ ಭಿಕ್ಷುಣಿಯರು ಇಲ್ಲವಾದರೆ, ಅಲ್ಲಿ ಭಿಕ್ಷುಗಳು ಸಾವಿರ ಸಂಖ್ಯೆಯಲ್ಲಿದ್ದರೂ ಹೊಸ ಭಿಕ್ಷುಣಿಯು ಉಂಟಾಗಲಾರಳು.

ಪರಂಪರೆ ಕಡಿದದ್ದು

ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯ ಮಗಳು ಸಂಘಮಿತ್ರೆಯು ಬೋಧಿವೃಕ್ಷದ ಕೊಂಬೆಯೊಡನೆ ಸಿಂಹಳಕ್ಕೆ ಹೋದಳೆಂದು ಅಲ್ಲಿನ ಐತಿಹ್ಯ ಹೇಳುತ್ತದೆ. ರಾಣಿ ಅನುಲೆಯೂ ಅವಳ ಪರಿವಾರದ ಸ್ತ್ರೀಯರೂ ದೀಕ್ಷೆ ಬಯಸಿದಾಗ, ಸ್ತ್ರೀಯರಿಗೆ ದೀಕ್ಷೆ ಕೊಡಲು ತನಗೆ ಒಬ್ಬನಿಗೇ ಅಧಿಕಾರವಿಲ್ಲವೆಂದು ಮಹೇಂದ್ರನು ತನ್ನ ತಂಗಿಯನ್ನು ಕರೆಸಿದನಂತೆ. ಎರಡು ಸಂಘಗಳ ನಿಯಮವನ್ನು ಅಂದೇ ಎಷ್ಟು ಗಂಭೀರವಾಗಿ ಪಾಲಿಸುತ್ತಿದ್ದರು ಎಂಬುದಕ್ಕೆ ಈ ಕಥೆಯೇ ಸಾಕ್ಷಿ.

ಕ್ರಿ.ಶ. 5ನೆಯ ಶತಮಾನದಲ್ಲಿ ಸಿಂಹಳದ ಭಿಕ್ಷುಣಿಯರು ಹಡಗಿನಲ್ಲಿ ಚೀನಾಕ್ಕೆ ಪ್ರಯಾಣ ಮಾಡಿದರು. ದೇವಸಾರಾ ಎಂಬವಳ ನೇತೃತ್ವದಲ್ಲಿ ಹೋದ ಆ ತಂಡದ ನೆರವಿನಿಂದ 433ರ ಸುಮಾರಿಗೆ ಇಂದಿನ ನಾನ್‌ಜಿಂಗ್ ನಗರದಲ್ಲಿ ಮುನ್ನೂರಕ್ಕೂ ಹೆಚ್ಚು ಚೀನೀ ಸ್ತ್ರೀಯರು ಎರಡೂ ಸಂಘಗಳಿಂದ ವಿಧಿವತ್ತಾಗಿ ದೀಕ್ಷೆ ಪಡೆದರು. ಆ ಪರಂಪರೆ ಅಲ್ಲಿ ಬೇರೂರಿ, ಕೊರಿಯಾ, ವಿಯೆಟ್ನಾಂ, ತೈವಾನ್‌ಗಳಿಗೂ ಹರಡಿತು, ಇಂದಿಗೂ ಜೀವಂತವಾಗಿದೆ. ತಾವು ಕಡಲಾಚೆಗೆ ಒಯ್ದು ಕೊಟ್ಟ ಈ ದೀಪದಿಂದಲೇ ಸಾವಿರದೈನೂರು ವರ್ಷಗಳ ಬಳಿಕ ತಮ್ಮ ನಾಡಿನ ಆರಿದ ದೀಪವನ್ನು ಹೊತ್ತಿಸಬೇಕಾದೀತೆಂದು ಆ ಭಿಕ್ಷುಣಿಯರು ಊಹಿಸಿರಲಾರರು.

ಸಿಂಹಳದಲ್ಲಿ 11ನೆಯ ಶತಮಾನದ ಹೊತ್ತಿಗೆ, ಚೋಳರ ಆಕ್ರಮಣದ ತರುವಾಯದ ಅವ್ಯವಸ್ಥೆಯಲ್ಲಿ ಭಿಕ್ಷು ಸಂಘವೂ ಭಿಕ್ಷುಣಿ ಸಂಘವೂ ಕ್ಷೀಣಿಸಿದವು. ವಿಜಯಬಾಹು ದೊರೆಯು ಬರ್ಮಾದಿಂದ ಭಿಕ್ಷುಗಳನ್ನು ಕರೆಸಿ ಪುರುಷರ ಪರಂಪರೆಯನ್ನು ಮರುಸ್ಥಾಪಿಸಿದನು. ಮುಂದೆ ಅದು ಮತ್ತೆ ಕಳಚಿಹೋದಾಗ, 1753ರಲ್ಲಿ ಸಯಾಂ ದೇಶದಿಂದ ಬಂದ ಉಪಾಲಿ ಸ್ಥವಿರರು ಕ್ಯಾಂಡಿಯಲ್ಲಿ ಉಪಸಂಪದೆಯನ್ನು ನೀಡಿ ಇನ್ನೊಮ್ಮೆ ಜೋಡಿಸಿದರು. ಇಂದು ಶ್ರೀಲಂಕಾದ ಅತಿ ದೊಡ್ಡ ಭಿಕ್ಷು ಪಂಗಡದ ಹೆಸರು ಸಯಾಂ ನಿಕಾಯ ಎಂದಿರುವುದು ಈ ಕಾರಣದಿಂದ. ಭಿಕ್ಷುಗಳ ಕೊಂಡಿ ಕಳಚಿದಾಗಲೆಲ್ಲ ನೆರೆನಾಡಿನಿಂದ ತಂದು ಜೋಡಿಸಲು ಸಾಧ್ಯವಾಯಿತು. ಭಿಕ್ಷುಣಿಯರಿಗೆ ಆ ದಾರಿ ಇರಲಿಲ್ಲ. ಕಾಲಕ್ರಮೇಣ ಥೇರವಾದದ ಯಾವ ನಾಡಿನಲ್ಲಿಯೂ ಅವರು ಉಳಿಯಲಿಲ್ಲ. ಟಿಬೆಟ್ಟಿನ ಸ್ಥಿತಿ ಇನ್ನೊಂದು ಬಗೆಯದು. 8ನೆಯ ಶತಮಾನದಲ್ಲಿ ಶಾಂತರಕ್ಷಿತರು ಅಲ್ಲಿಗೆ ಭಿಕ್ಷುದೀಕ್ಷೆಯನ್ನು ಒಯ್ದರು. ಎರಡು ಸಂಘಗಳ ಭಿಕ್ಷುಣಿದೀಕ್ಷೆ ಅಲ್ಲಿ ನೆಲೆಯೂರಲೇ ಇಲ್ಲ.

ನಡುವಿನ ನೆಲೆಯ ಸಾಧ್ವಿಯರು

ದೀಕ್ಷೆ ಇಲ್ಲವಾಯಿತೆಂದು ವೈರಾಗ್ಯ ಇಲ್ಲವಾಗಲಿಲ್ಲ. ಮನೆಮಠ ತೊರೆದು ಧ್ಯಾನ, ಅಧ್ಯಯನಗಳಲ್ಲಿ ಬಾಳಬಯಸಿದ ಸ್ತ್ರೀಯರು ಎಲ್ಲ ಕಾಲದಲ್ಲಿಯೂ ಇದ್ದರು. ಶ್ರೀಲಂಕಾದಲ್ಲಿ ಅವರು ಹತ್ತು ಶೀಲಗಳನ್ನು ಸ್ವೀಕರಿಸಿ ‘ದಸಸಿಲ್ ಮಾತಾ’ ಎನಿಸಿಕೊಂಡರು. ಥಾಯ್ಲೆಂಡಿನಲ್ಲಿ ಎಂಟು ಶೀಲಗಳನ್ನು ಪಾಲಿಸುತ್ತ ಬಿಳಿಯ ವಸ್ತ್ರ ಧರಿಸುವ ‘ಮೇ ಚೀ’ಗಳಾದರು; ಬರ್ಮಾದಲ್ಲಿ ನಸುಗೆಂಪು ವಸ್ತ್ರದ ‘ಥಿಲಶಿನ್’ಗಳಾದರು. ಟಿಬೆಟ್ ಪರಂಪರೆಯಲ್ಲಿ ಶ್ರಾಮಣೇರಿ ದೀಕ್ಷೆಯವರೆಗೆ ಮಾತ್ರ ಅವಕಾಶವಿತ್ತು.

ಇವರು ಗೃಹಿಣಿಯರಲ್ಲ, ಸಂಘದ ಸದಸ್ಯೆಯರೂ ಅಲ್ಲ. ಈ ನಡುವಿನ ನೆಲೆಯ ಕಷ್ಟಗಳು ಬರಿಯ ಗೌರವಕ್ಕೆ ಸಂಬಂಧಿಸಿದವಲ್ಲ. ಭಿಕ್ಷುಗಳಿಗೆ ಭಕ್ತರು ಆಹಾರ, ವಸ್ತ್ರ, ಔಷಧ, ವಸತಿಗಳನ್ನು ಪುಣ್ಯಕಾರ್ಯವೆಂದು ಅರ್ಪಿಸುತ್ತಾರೆ. ಸಂಘಕ್ಕೆ ಸೇರದವರಿಗೆ ಕೊಟ್ಟ ದಾನಕ್ಕೆ ಅಷ್ಟು ಫಲವಿಲ್ಲವೆಂಬ ನಂಬಿಕೆ ಜನರಲ್ಲಿ ಬಲವಾಗಿತ್ತು. ಅದರಿಂದಾಗಿ ಅನೇಕ ಸಾಧ್ವಿಯರು ಬಡತನದಲ್ಲಿ ಬಾಳಿದರು, ವಿಹಾರಗಳಲ್ಲಿ ಅಡುಗೆ, ಕಸಗುಡಿಸುವ ಕೆಲಸಗಳಲ್ಲಿಯೇ ಆಯುಷ್ಯ ಕಳೆದರು. ಥಾಯ್ಲೆಂಡಿನ ಮೇ ಚೀಗಳ ಪಾಡು ವಿಚಿತ್ರವಾದುದು. ಸಂಘದ ಕಾನೂನು ಅವರನ್ನು ಪ್ರವ್ರಜಿತರೆಂದು ಎಣಿಸದ ಕಾರಣ ಭಿಕ್ಷುಗಳಿಗಿರುವ ಸೌಲಭ್ಯಗಳು ಅವರಿಗಿಲ್ಲ; ಆದರೆ ಚುನಾವಣೆಯ ಸಂದರ್ಭದಲ್ಲಿ ಅವರನ್ನು ಸಂನ್ಯಾಸಿಗಳೆಂದು ಎಣಿಸಿ ಮತದಾನದಿಂದ ಹೊರಗಿಡಲಾಗುತ್ತದೆ.

ಈ ನೆಲೆಯನ್ನು ಮೀರಲು ಯತ್ನಿಸಿದವರು ಶಿಕ್ಷೆಯನ್ನು ಅನುಭವಿಸಿದ್ದೂ ಉಂಟು. 1920ರ ದಶಕದ ಕೊನೆಯಲ್ಲಿ ಸಯಾಂನಲ್ಲಿ ನರಿನ್ ಎಂಬ ಸುಧಾರಕನ ಇಬ್ಬರು ಹೆಣ್ಣುಮಕ್ಕಳು ದೀಕ್ಷೆ ಪಡೆದು ಕಾಷಾಯ ಧರಿಸಿದಾಗ ಅವರನ್ನು ಬಂಧಿಸಲಾಯಿತು. 1928ರಲ್ಲಿ ಅಲ್ಲಿನ ಸಂಘರಾಜರು ಸ್ತ್ರೀಯರಿಗೆ ಯಾವ ಭಿಕ್ಷುವೂ ದೀಕ್ಷೆ ಕೊಡಕೂಡದೆಂದು ಆಜ್ಞೆ ಹೊರಡಿಸಿದರು.

ವಿನಯದ ಒಳಗಿನ ಚರ್ಚೆ

ಹೊರಗಿನವರಿಗೆ ಇದು ಸ್ತ್ರೀಸಮಾನತೆಯ ಪ್ರಶ್ನೆಯಾಗಿ ಮಾತ್ರ ಕಾಣುತ್ತದೆ. ಒಳಗಿನವರಿಗೆ ಇದು ದೀಕ್ಷೆಯ ಸಿಂಧುತ್ವದ ಪ್ರಶ್ನೆಯೂ ಹೌದು. ವಿನಯದ ಪ್ರಕಾರ ಸಂಘಕರ್ಮದಲ್ಲಿ ಲೋಪವಾದರೆ ಆ ಕರ್ಮವೇ ನಡೆಯಲಿಲ್ಲವೆಂದು ಅರ್ಥ. ಆದುದರಿಂದ, ‘ಸ್ತ್ರೀಯರಿಗೆ ಅರ್ಹತೆ ಇದೆಯೆಂಬುದನ್ನು ಒಪ್ಪುತ್ತೇವೆ, ಆದರೆ ವಿಧಿಯನ್ನು ನೆರವೇರಿಸಲು ಬೇಕಾದ ಭಿಕ್ಷುಣಿಯರು ಇಲ್ಲ’ ಎಂದು ಹೇಳುವ ಹಿರಿಯ ಭಿಕ್ಷುಗಳೆಲ್ಲರನ್ನೂ ಸ್ತ್ರೀದ್ವೇಷಿಗಳೆನ್ನುವುದು ನ್ಯಾಯವಾಗದು. ಮುಂದಿನ ಬುದ್ಧನಾದ ಮೈತ್ರೇಯನ ಅವತರಣದವರೆಗೆ ಕಾಯುವುದೇ ಉಳಿದಿರುವ ದಾರಿ ಎಂದು ಅವರಲ್ಲಿ ಕೆಲವರು ಪ್ರಾಮಾಣಿಕವಾಗಿಯೇ ನಂಬಿದ್ದಾರೆ.

ಇದಕ್ಕೆ ಉತ್ತರವಾಗಿ ಎರಡು ದಾರಿಗಳು ಸೂಚಿತವಾದವು. ಪೂರ್ವ ಏಷ್ಯಾದಲ್ಲಿ ಉಳಿದಿರುವ ಭಿಕ್ಷುಣಿಯರ ನೆರವನ್ನು ಪಡೆಯಬೇಕೆಂಬುದು ಮೊದಲನೆಯದು. ಅವರ ಮೂಲವೂ ಸಿಂಹಳದ ಭಿಕ್ಷುಣಿಯರೇ ತಾನೆ? ಆದರೆ ಅವರು ಪಾಲಿಸುತ್ತಿರುವುದು ಧರ್ಮಗುಪ್ತಕ ವಿನಯ. ಅದರಲ್ಲಿ ಭಿಕ್ಷುಣಿಗೆ 348 ನಿಯಮಗಳು, ಥೇರವಾದದಲ್ಲಿ 311. ತಿರುಳು ಬಹುಮಟ್ಟಿಗೆ ಒಂದೇ ಆದರೂ, ಬೇರೆ ನಿಕಾಯದವರು ಕೊಟ್ಟ ದೀಕ್ಷೆ ನಮ್ಮಲ್ಲಿ ಸಲ್ಲದೆಂಬ ಆಕ್ಷೇಪ ಎದ್ದಿತು.

ಭಿಕ್ಷು ಸಂಘವೊಂದೇ ದೀಕ್ಷೆ ಕೊಡಬಹುದೆಂಬುದು ಎರಡನೆಯ ದಾರಿ. ಭಿಕ್ಷುಣಿ ಸಂಘದ ಆದಿಯಲ್ಲಿ, ಭಿಕ್ಷುಣಿಯರು ಇನ್ನೂ ಇಲ್ಲದಿದ್ದಾಗ, ಸ್ತ್ರೀಯರಿಗೆ ಭಿಕ್ಷುಗಳೇ ಉಪಸಂಪದೆ ನೀಡಲು ಬುದ್ಧನು ಅನುಮತಿಸಿದ್ದು ವಿನಯದಲ್ಲಿ ದಾಖಲಾಗಿದೆ. ಎರಡು ಸಂಘಗಳ ಕ್ರಮವು ಬಳಿಕ ರೂಢಿಗೆ ಬಂದಿತಾದರೂ, ಮೊದಲಿನ ಅನುಮತಿಯನ್ನು ರದ್ದುಪಡಿಸಿದ ಮಾತು ಎಲ್ಲಿಯೂ ಸ್ಪಷ್ಟವಾಗಿಲ್ಲ. ಬರ್ಮಾದ ಮಹಾವಿದ್ವಾಂಸ ಜೇತವನ ಸಯಾಡೋ ಅವರು 1949ರಷ್ಟು ಹಿಂದೆಯೇ ಪಾಲಿಭಾಷೆಯಲ್ಲಿ ಈ ವಾದವನ್ನು ಮಂಡಿಸಿದ್ದರು: ಭಿಕ್ಷುಣಿಯರು ಇರುವಾಗ ಎರಡು ಸಂಘಗಳ ಕ್ರಮ, ಇಲ್ಲದಿರುವಾಗ ಮೊದಲಿನ ಅನುಮತಿ. ನಮ್ಮ ಕಾಲದ ಭಿಕ್ಖು ಬೋಧಿ, ಭಿಕ್ಖು ಅನಾಲಯೊ ಮೊದಲಾದ ವಿದ್ವಾಂಸರು ಇದೇ ನಿಲುವನ್ನು ವಿಸ್ತರಿಸಿದ್ದಾರೆ. ಈ ವಾದದ ಬಲವಿರುವುದು ಅದು ಶಾಸ್ತ್ರವನ್ನು ಬದಿಗಿಡದೆ, ಶಾಸ್ತ್ರದೊಳಗಿನಿಂದಲೇ ಉತ್ತರವನ್ನು ತೆಗೆಯುವುದರಲ್ಲಿ.

ಸಾರನಾಥದಿಂದ ದಂಬುಲ್ಲದವರೆಗೆ

1987ರಲ್ಲಿ ಬುದ್ಧಗಯೆಯಲ್ಲಿ ನಾನಾ ದೇಶಗಳ ಬೌದ್ಧ ಸಾಧ್ವಿಯರು ಮೊದಲ ಬಾರಿಗೆ ಒಂದೆಡೆ ಸೇರಿದರು. ‘ಬುದ್ಧನ ಪುತ್ರಿಯರು’ ಎಂಬ ಅರ್ಥದ ‘ಶಾಕ್ಯಧೀತಾ’ ಸಂಸ್ಥೆ ಅಲ್ಲಿ ಹುಟ್ಟಿತು. ಒಂದು ದೇಶದ ಸಾಧ್ವಿಯರಿಗೆ ಇನ್ನೊಂದು ದೇಶದವರ ಸ್ಥಿತಿಗತಿ ತಿಳಿದದ್ದು ಅಲ್ಲಿಯೇ. ವಿಮಾನಯಾನ, ಅಂತರರಾಷ್ಟ್ರೀಯ ಸಮ್ಮೇಳನ, ಸ್ತ್ರೀಶಿಕ್ಷಣ ಇವು ಮೂರೂ ಇಲ್ಲದಿದ್ದರೆ ಮುಂದಿನ ಘಟನೆಗಳು ನಡೆಯುತ್ತಿರಲಿಲ್ಲ.

1996ರ ಡಿಸೆಂಬರಿನಲ್ಲಿ, ಬುದ್ಧನು ಮೊದಲ ಧರ್ಮೋಪದೇಶ ನೀಡಿದ ಸಾರನಾಥದಲ್ಲಿ, ಕೊರಿಯಾದ ಭಿಕ್ಷುಣಿಯರು ಹಾಗೂ ಶ್ರೀಲಂಕಾದ ಭಿಕ್ಷುಗಳ ನೆರವಿನಿಂದ ಶ್ರೀಲಂಕಾದ ಹತ್ತು ಸ್ತ್ರೀಯರು ಉಪಸಂಪದೆ ಪಡೆದರು. ಅವರ ಮುಂದಾಳಾಗಿದ್ದವರು ವಿದುಷಿ ಕುಸುಮಾ. 1998ರ ಫೆಬ್ರವರಿಯಲ್ಲಿ ತೈವಾನಿನ ಫೊ ಗುಆಂಗ್ ಶಾನ್ ಸಂಸ್ಥೆಯು ಬುದ್ಧಗಯೆಯಲ್ಲಿ ಎರಡೂ ಸಂಘಗಳ ದೀಕ್ಷಾಸಮಾರಂಭವನ್ನು ಏರ್ಪಡಿಸಿತು; ಶ್ರೀಲಂಕಾದ ಸಾಧ್ವಿಯರ ಇನ್ನೊಂದು ತಂಡವು ಅಲ್ಲಿ ದೀಕ್ಷೆ ಪಡೆಯಿತು. ಅದೇ ವರ್ಷ ಮಾರ್ಚ್ ತಿಂಗಳಲ್ಲಿ, ಇನಾಮಲುವೆ ಸುಮಂಗಲ ಸ್ಥವಿರರ ನೇತೃತ್ವದಲ್ಲಿ ದಂಬುಲ್ಲದಲ್ಲಿ 22 ಸ್ತ್ರೀಯರಿಗೆ ದೀಕ್ಷೆ ನೀಡಲಾಯಿತು. ಸುಮಾರು ಒಂಬತ್ತು ಶತಮಾನಗಳ ಬಳಿಕ ಸಿಂಹಳದ ನೆಲದಲ್ಲಿ ಭಿಕ್ಷುಣಿ ಉಪಸಂಪದೆ ನಡೆದದ್ದು ಹೀಗೆ. ಆ ಬಳಿಕ ಅಲ್ಲಿ ಭಿಕ್ಷುಣಿಯರ ಸಂಖ್ಯೆ ಬೆಳೆಯುತ್ತ ಬಂದಿದೆ.

ಸಂಘದ ಉನ್ನತ ಪೀಠಗಳು ಇದಕ್ಕೆ ಒಪ್ಪಿಗೆ ಕೊಡಲಿಲ್ಲ. ಆದರೆ ಹಳ್ಳಿಗಳ ಜನರು ಪೀಠಗಳ ತೀರ್ಮಾನಕ್ಕಾಗಿ ಕಾಯಲಿಲ್ಲ. ಮನೆಯಲ್ಲಿ ಸಾವು ಸಂಭವಿಸಿದಾಗ, ದಾನ ಮಾಡಬೇಕೆನಿಸಿದಾಗ, ಧರ್ಮೋಪದೇಶ ಬೇಕಾದಾಗ ಅವರು ಹತ್ತಿರದ ಭಿಕ್ಷುಣಿಯರನ್ನು ಕರೆದರು. ಭಿಕ್ಷುಣಿಯರು ನಿಯಮನಿಷ್ಠರಾಗಿ ಸರಳವಾಗಿ ಬಾಳುತ್ತಿರುವುದನ್ನು ಜನರು ಕಣ್ಣಾರೆ ಕಂಡಿದ್ದರು. ಧರ್ಮದ ವಿಷಯದಲ್ಲಿ ಜನರ ಮನ್ನಣೆ ಶಾಸ್ತ್ರದ ತೀರ್ಮಾನಕ್ಕೆ ಬದಲಿಯಾಗದು. ಆದರೆ ಸಂಘವು ಬದುಕುವುದು ಜನರ ಭಿಕ್ಷೆಯಿಂದ ಎಂಬುದನ್ನೂ ಮರೆಯಲಾಗದು.

ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಲೇಬೇಕು. ಎಲ್ಲ ದಸಸಿಲ್ ಮಾತೆಯರೂ ಭಿಕ್ಷುಣಿಯರಾಗಲು ಬಯಸಲಿಲ್ಲ. ಪೂರ್ಣದೀಕ್ಷೆ ಪಡೆದರೆ ಎಂಟು ಗುರುಧರ್ಮಗಳು ಅನ್ವಯಿಸುತ್ತವೆ, ಭಿಕ್ಷುಗಳ ಅಧೀನಕ್ಕೆ ಒಳಪಡಬೇಕಾಗುತ್ತದೆ. ಈಗಿನ ನೆಲೆಯಲ್ಲಿಯೇ ಹೆಚ್ಚು ಸ್ವಾತಂತ್ರ್ಯವಿದೆ ಎಂಬುದು ಅವರಲ್ಲಿ ಕೆಲವರ ಅಭಿಪ್ರಾಯ. ಮುಕ್ತಿಯ ಸಾಧನೆಗೆ ಪದವಿಯೇಕೆ ಎಂದವರೂ ಉಂಟು. ಅವರ ಮಾತನ್ನೂ ಗೌರವದಿಂದಲೇ ಕೇಳಬೇಕು.

ಎಲ್ಲೆಡೆ ಒಂದೇ ಉತ್ತರವಿಲ್ಲ

ಥಾಯ್ಲೆಂಡಿನ ತಮ್ಮಸಾತ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿಯಾಗಿದ್ದ ಛತ್ಸುಮಾರ್ನ್ ಕಬಿಲಸಿಂಗ್ ಅವರು 2001ರಲ್ಲಿ ಶ್ರೀಲಂಕಾದಲ್ಲಿ ಶ್ರಾಮಣೇರಿ ದೀಕ್ಷೆಯನ್ನೂ 2003ರಲ್ಲಿ ಉಪಸಂಪದೆಯನ್ನೂ ಪಡೆದು ಧಮ್ಮನಂದಾ ಎಂಬ ಹೆಸರಿನಿಂದ ತಾಯ್ನಾಡಿಗೆ ಮರಳಿದರು. ಅವರ ತಾಯಿ ವೊರಮಾಯ್ ಅವರು 1971ರಲ್ಲಿಯೇ ತೈವಾನಿಗೆ ಹೋಗಿ ದೀಕ್ಷೆ ಪಡೆದಿದ್ದರು. 1928ರ ಆಜ್ಞೆ ಹಾಗೆಯೇ ಇರುವುದರಿಂದ ಥಾಯ್ ಸ್ತ್ರೀಯರು ದೀಕ್ಷೆಗಾಗಿ ಇಂದಿಗೂ ಹೊರದೇಶವನ್ನು ಅವಲಂಬಿಸಬೇಕಾಗಿದೆ. ಮ್ಯಾನ್ಮಾರಿನ ಸಚ್ಚವಾದಿ ಎಂಬ ಸಾಧ್ವಿ ಶ್ರೀಲಂಕಾದಲ್ಲಿ ಭಿಕ್ಷುಣಿಯಾಗಿ ತಾಯ್ನಾಡಿಗೆ ಹೋದಾಗ 2005ರಲ್ಲಿ ಸೆರೆವಾಸವನ್ನೇ ಅನುಭವಿಸಬೇಕಾಯಿತು. 2009ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಬಳಿ ನಾಲ್ವರು ಸ್ತ್ರೀಯರ ದೀಕ್ಷೆಯಲ್ಲಿ ಪಾಲ್ಗೊಂಡ ಅಜಾನ್ ಬ್ರಹ್ಮ್ ಅವರನ್ನು ಥಾಯ್ಲೆಂಡಿನ ಅವರ ಮೂಲವಿಹಾರವು ತನ್ನ ಬಳಗದಿಂದ ಹೊರಗಿಟ್ಟಿತು.

ತೈವಾನಿನ ಚಿತ್ರ ಇದಕ್ಕೆ ತೀರ ಭಿನ್ನ. ಅಲ್ಲಿ ಭಿಕ್ಷುಣಿಯರ ಸಂಖ್ಯೆ ಭಿಕ್ಷುಗಳಿಗಿಂತ ಬಹಳ ಹೆಚ್ಚು. ಭಿಕ್ಷುಣಿ ಚೆಂಗ್ ಯೆನ್ ಅವರು 1966ರಲ್ಲಿ ಮೂವತ್ತು ಮಂದಿ ಗೃಹಿಣಿಯರೊಡನೆ ಆರಂಭಿಸಿದ ತ್ಸು ಚಿ ಸಂಸ್ಥೆಯು, ದಿನದ ಅಡುಗೆಯ ಖರ್ಚಿನಲ್ಲಿ ಉಳಿಸಿದ ಚಿಲ್ಲರೆ ಕಾಸನ್ನು ಬಿದಿರಿನ ಕೊಳವೆಯಲ್ಲಿ ಕೂಡಿಡುವುದರಿಂದ ಮೊದಲ್ಗೊಂಡು ಆಸ್ಪತ್ರೆ, ಶಾಲೆ, ವಿಪತ್ತು ಪರಿಹಾರಗಳವರೆಗೆ ಬೆಳೆದು ಜಗತ್ತಿನ ದೊಡ್ಡ ಬೌದ್ಧ ಸೇವಾಸಂಸ್ಥೆಗಳಲ್ಲಿ ಒಂದಾಗಿದೆ. ಸ್ತ್ರೀಯರಿಗೆ ಪೂರ್ಣದೀಕ್ಷೆಯ ಬಾಗಿಲು ತೆರೆದಿರುವ ಸಮಾಜದಲ್ಲಿ ಅವರ ಶಕ್ತಿ ಯಾವ ಬಗೆಯಲ್ಲಿ ಹರಿಯಬಲ್ಲುದೆಂಬುದನ್ನು ಇದು ತೋರಿಸುತ್ತದೆ. ಅಲ್ಲಿಯೂ ಗುರುಧರ್ಮಗಳ ಪ್ರಶ್ನೆ ತೀರಿಲ್ಲ: 2001ರಲ್ಲಿ ಚಾವೊ ಹ್ವೆಯ್ ಎಂಬ ಭಿಕ್ಷುಣಿಯು ಎಂಟು ನಿಬಂಧನೆಗಳನ್ನು ಬರೆದ ಹಾಳೆಯನ್ನು ಸಭೆಯಲ್ಲಿ ಹರಿದು ಹಾಕಿದ್ದು ದೊಡ್ಡ ವಿವಾದವಾಯಿತು.

ಮುಂಡಗೋಡಿನ ಇಪ್ಪತ್ತು ಸಾಧ್ವಿಯರು

ಈ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಡೆದದ್ದು ಕನ್ನಡನಾಡಿನಲ್ಲಿ. ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ 1966ರಿಂದ ಟಿಬೆಟ್ ನಿರಾಶ್ರಿತರ ನೆಲೆಯಿದೆ. ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ಪ್ರಾಚೀನ ವಿದ್ಯಾಪೀಠಗಳು ಅಲ್ಲಿ ಮರುಹುಟ್ಟು ಪಡೆದಿವೆ. ಟಿಬೆಟ್ಟಿನ ಗೆಲುಗ್ ಪಂಥದಲ್ಲಿ ಶಾಸ್ತ್ರಾಧ್ಯಯನದ ಅತ್ಯುನ್ನತ ಪದವಿ ‘ಗೆಶೆ’. ಪ್ರಮಾಣಶಾಸ್ತ್ರ, ಪ್ರಜ್ಞಾಪಾರಮಿತೆ, ಮಾಧ್ಯಮಿಕ ದರ್ಶನ, ಅಭಿಧರ್ಮ, ವಿನಯ ಈ ಐದು ವಿಷಯಗಳನ್ನು ಹದಿನೈದಿಪ್ಪತ್ತು ವರ್ಷ ಓದಿ, ಅಂಗಳದಲ್ಲಿ ಎದುರುಬದುರಾಗಿ ಚಪ್ಪಾಳೆ ತಟ್ಟಿ ವಾದ ಮಾಡಿ ಗೆದ್ದವರಿಗೆ ಅದು ಸಲ್ಲುತ್ತದೆ. ಪೂರ್ಣದೀಕ್ಷೆ ಇಲ್ಲದವರು ವಿನಯವನ್ನು ಸಮಗ್ರವಾಗಿ ಅಭ್ಯಸಿಸುವಂತಿಲ್ಲವೆಂಬ ಕಾರಣದಿಂದ ಸಾಧ್ವಿಯರಿಗೆ ಈ ಪದವಿ ಎಟುಕದಂತಾಗಿತ್ತು. ದೀಕ್ಷೆಯ ಬಾಗಿಲು ಮುಚ್ಚಿದ್ದರಿಂದ ವಿದ್ಯೆಯ ಬಾಗಿಲೂ ಅರ್ಧ ಮುಚ್ಚಿಕೊಂಡಿತ್ತು.

ಭಾರತಕ್ಕೆ ಬಂದ ಮೇಲೆ ಈ ಸ್ಥಿತಿ ನಿಧಾನವಾಗಿ ಬದಲಾಯಿತು. 1987ರಲ್ಲಿ ಮುಂಡಗೋಡದಲ್ಲಿ ಜಾಂಗ್ಚುಬ್ ಚೋಲಿಂಗ್ ಎಂಬ ಸಾಧ್ವಿಯರ ಮಠವು ಸ್ಥಾಪಿತವಾಯಿತು. ಸಮೀಪದ ವಿದ್ಯಾಪೀಠಗಳ ಗೆಶೆಗಳು ಅಲ್ಲಿ ಪಾಠ ಹೇಳಿದರು. 1995ರಿಂದ ಬೇರೆ ಬೇರೆ ಮಠಗಳ ಸಾಧ್ವಿಯರು ವರ್ಷಕ್ಕೊಮ್ಮೆ ಸೇರಿ ಶಾಸ್ತ್ರಾರ್ಥ ನಡೆಸುವ ಪದ್ಧತಿ ಆರಂಭವಾಯಿತು. 2012ರಲ್ಲಿ ಸಾಧ್ವಿಯರಿಗೂ ಪದವಿ ನೀಡುವ ತೀರ್ಮಾನವಾಗಿ, ಮರುವರ್ಷದಿಂದ ನಾಲ್ಕು ಹಂತಗಳ ಪರೀಕ್ಷೆಗಳು ನಡೆದವು. 2016ರ ಡಿಸೆಂಬರ್ 22ರಂದು ಮುಂಡಗೋಡದ ಡ್ರೆಪುಂಗ್ ವಿದ್ಯಾಪೀಠದಲ್ಲಿ ದಲೈ ಲಾಮಾ ಅವರು ಇಪ್ಪತ್ತು ಸಾಧ್ವಿಯರಿಗೆ ‘ಗೆಶೆಮಾ’ ಪದವಿಯನ್ನು ಪ್ರದಾನ ಮಾಡಿದರು. ಪರೀಕ್ಷೆಗೆ ಕುಳಿತು ಒಟ್ಟಾಗಿ ಉತ್ತೀರ್ಣರಾದ ಮೊದಲ ತಂಡ ಅದು. ಅಂದಿನಿಂದ ಹೊಸ ಗೆಶೆಮಾಗಳು ಹೊರಬರುತ್ತಲೇ ಇದ್ದಾರೆ. ಸಾಧ್ವಿಯರಿಗೆ ಸಾಧ್ವಿಯರೇ ಶಾಸ್ತ್ರಪಾಠ ಹೇಳುವ ಕಾಲ ಬಂದಿದೆ.

ಆದರೂ ಗೆಶೆಮಾಗಳೆಲ್ಲ ಪೂರ್ಣದೀಕ್ಷಿತರಲ್ಲ. ವಿದ್ಯೆಯ ಪ್ರಶ್ನೆ ಬಗೆಹರಿಯಿತು, ದೀಕ್ಷೆಯ ಪ್ರಶ್ನೆ ಉಳಿಯಿತು. 2007ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ನಡೆದ ವಿದ್ವತ್ಸಭೆಯಲ್ಲಿ ದಲೈ ಲಾಮಾ ಅವರು ಭಿಕ್ಷುಣಿದೀಕ್ಷೆಗೆ ತಮ್ಮ ಬೆಂಬಲವನ್ನು ಸೂಚಿಸಿದರಾದರೂ, ವಿನಯದ ವಿಷಯವನ್ನು ತಾವೊಬ್ಬರೇ ನಿರ್ಧರಿಸಲಾಗದು, ಅದು ಸಂಘದ ಸಮ್ಮತಿಯಿಂದ ಆಗಬೇಕೆಂದರು. ಸಂಘವು ವ್ಯಕ್ತಿಯ ಆಜ್ಞೆಯಿಂದ ನಡೆಯತಕ್ಕದ್ದಲ್ಲ ಎಂಬ ಬುದ್ಧನ ಕಾಲದ ತತ್ತ್ವವೇ ಇಲ್ಲಿ ಸುಧಾರಣೆಯನ್ನು ತಡೆದದ್ದು ವಿಪರ್ಯಾಸವೆನಿಸೀತು. ಟಿಬೆಟ್ಟಿನ ವಿನಯವನ್ನೇ ಪಾಲಿಸುವ ಭೂತಾನದಲ್ಲಿ 2022ರ ಜೂನ್ ತಿಂಗಳಲ್ಲಿ, ಅಲ್ಲಿನ ಪ್ರಧಾನ ಧರ್ಮಗುರುಗಳಾದ ಜೆ ಖೆನ್ಪೊ ಅವರು 144 ಸಾಧ್ವಿಯರಿಗೆ ಭಿಕ್ಷು ಸಂಘದ ಮೂಲಕವೇ ಪೂರ್ಣದೀಕ್ಷೆ ನೀಡಿದರು. ಜೇತವನ ಸಯಾಡೋ ಅವರು ಥೇರವಾದಕ್ಕೆ ಸೂಚಿಸಿದ್ದ ಎರಡನೆಯ ದಾರಿಯು ಹೀಗೆ ಹಿಮಾಲಯದ ಮಡಿಲಲ್ಲಿ ಇನ್ನೊಂದು ವಿನಯದಡಿ ಕಾರ್ಯರೂಪಕ್ಕೆ ಬಂದಿತು. ಇತರ ಟಿಬೆಟನ್ ಪಂಥಗಳು ಇದನ್ನು ಅನುಸರಿಸುವುವೇ ಎಂಬುದನ್ನು ಕಾಲವೇ ಹೇಳಬೇಕು.

ಅರಿಯಬೇಕಾದುದು

ಈ ಸುದೀರ್ಘ ಪ್ರಯತ್ನದಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ಧರ್ಮದಲ್ಲಿ ಬದಲಾವಣೆ ತರಬಯಸಿದ ಸಾಧ್ವಿಯರು ಪರಂಪರೆಯನ್ನು ತೊರೆದು ಹೊರನಡೆಯಲಿಲ್ಲ. ಹೊಸ ಪಂಥವನ್ನು ಕಟ್ಟಿಕೊಂಡು ತಮಗೆ ತಾವೇ ದೀಕ್ಷೆ ಕೊಟ್ಟುಕೊಳ್ಳುವುದು ಅವರಿಗೆ ಸುಲಭವಾಗಿತ್ತು. ಅವರು ಹಾಗೆ ಮಾಡದೆ ವಿನಯವನ್ನು ಓದಿದರು, ಪಾಲಿ ಮತ್ತು ಟಿಬೆಟನ್ ಭಾಷೆಗಳಲ್ಲಿ ಪಾಂಡಿತ್ಯ ಗಳಿಸಿದರು, ಹಿರಿಯ ಭಿಕ್ಷುಗಳೊಡನೆ ಶಾಸ್ತ್ರಸಮ್ಮತವಾಗಿ ವಾದಿಸಿದರು, ಅವರ ಒಪ್ಪಿಗೆಗಾಗಿ ದಶಕಗಳ ಕಾಲ ಕಾದರು. ಅವರಿಗೆ ಬೇಕಾಗಿದ್ದುದು ಕಾಷಾಯವಸ್ತ್ರವೆಂಬ ಬಟ್ಟೆಯಲ್ಲ. ಮಹಾಪ್ರಜಾಪತಿ ಗೌತಮಿಯಿಂದ ಸಾಗಿಬಂದ ಸಂಸ್ಕಾರ.

ಎರಡನೆಯದಾಗಿ, ನಿಯಮ ಮತ್ತು ಅದರ ಉದ್ದೇಶ ಪರಸ್ಪರ ಎದುರಾದಾಗ ಏನು ಮಾಡಬೇಕೆಂಬ ಪ್ರಶ್ನೆ ಎಲ್ಲ ಧರ್ಮಗಳಿಗೂ ಸಂಬಂಧಿಸಿದ್ದು. ಎರಡು ಸಂಘಗಳ ನಿಯಮವಿದ್ದದ್ದು ಭಿಕ್ಷುಣಿದೀಕ್ಷೆಯನ್ನು ಸುಭದ್ರವಾಗಿ ನಡೆಸುವುದಕ್ಕಾಗಿ. ಅದೇ ನಿಯಮವು ದೀಕ್ಷೆಯನ್ನೇ ಅಸಾಧ್ಯವಾಗಿಸಿದಾಗ ನಿಯಮದ ಅಕ್ಷರವನ್ನು ಉಳಿಸಬೇಕೋ ಆಶಯವನ್ನು ಉಳಿಸಬೇಕೋ? ಶ್ರೀಲಂಕಾ ಒಂದು ಉತ್ತರವನ್ನು ಕೊಟ್ಟಿದೆ, ಭೂತಾನ್ ಇನ್ನೊಂದನ್ನು. ಥಾಯ್ಲೆಂಡ್ ಮತ್ತು ಮ್ಯಾನ್ಮಾರ್‌ಗಳ ಸಂಘಗಳು ಇನ್ನೂ ಒಪ್ಪಿಲ್ಲ. ವೈಶಾಲಿಯ ವಿಹಾರದ ಬಾಗಿಲಲ್ಲಿ ಆನಂದನು ಕೇಳಿದ ಪ್ರಶ್ನೆಗೆ ಬುದ್ಧನು ಕೊಟ್ಟ ಉತ್ತರದಲ್ಲಿ ಮಾತ್ರ ಯಾವ ಸಂದಿಗ್ಧವೂ ಇರಲಿಲ್ಲ. ಮುಕ್ತಿಗೆ ಸ್ತ್ರೀಯು ಅರ್ಹಳೆಂಬುದನ್ನು ಅವನ ಅನುಯಾಯಿಗಳಲ್ಲಿ ಇಂದು ಯಾರೂ ಅಲ್ಲಗಳೆಯುವುದಿಲ್ಲ. ಆ ಅರ್ಹತೆಗೆ ತಕ್ಕ ಸ್ಥಾನವನ್ನು ಸಂಘದಲ್ಲಿ ಕಲ್ಪಿಸುವ ಕೆಲಸ ಮುಗಿದಿಲ್ಲ. ಅದು ನಮ್ಮ ಕಣ್ಣೆದುರೇ, ನಮ್ಮ ನಾಡಿನ ಮುಂಡಗೋಡದ ಅಂಗಳದಲ್ಲಿಯೂ, ನಡೆಯುತ್ತಿದೆ.